ಹುಲಿಗೆ ಕೇಳಿಸದ ಮಾತು

(ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹಾಡಿ ತೋರಿಸಿದ ಪದ್ಯಗಳನ್ನು ಇಲ್ಲಿ ಸಾಲುಗಳಾಗಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರೆಯುವವರು ಓದುವವರ ಮನಸ್ಸನ್ನು ಹೇಗೆ ತಟ್ಟುತ್ತಾರೆ, ಅದಕ್ಕೆ ಏನೇನು ತಂತ್ರ ಬಳಸುತ್ತಾರೆ ಅನ್ನೋದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಉಪಮೆ, ರೂಪಕ, ಪ್ರತಿಮೆ, ಸಂಕೇತ ಅಂತ ಒಂದೊಂದರ ಲಕ್ಷಣ ಹೇಳಿ, ಒಂದೊಂದು ಉದಾಹರಣೆ ಕೊಟ್ಟು ಮುಗಿಸಬಹುದಿತ್ತು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಆ ಪಟ್ಟಿ ಬಾಯಿಪಾಠ ಇದೆ. ಆದರೆ ಆ ಪಟ್ಟಿ ಕಲಿತು ಯಾವ ಮಗುವಿನ ಕಣ್ಣೂ ಒದ್ದೆಯಾಗಿದ್ದನ್ನು ನಾನು ನೋಡಿಲ್ಲ. ಮಕ್ಕಳು ಅತ್ತಿದ್ದು ಗೋವಿನ ಹಾಡಿಗೆ. ಪ್ರತಿ ವರ್ಷವೂ ಅತ್ತರು. ಹಾಡು ಗೊತ್ತಿದ್ದವರೂ ಅತ್ತರು, ಗೊತ್ತಿಲ್ಲದವರೂ ಅತ್ತರು. ಹಾಗಾಗಿ ಇವತ್ತು ಆ ಹಾಡನ್ನೇ ಬಿಚ್ಚಿ ನೋಡೋಣ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ವರ್ಷ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಹುಲಿ ಯಾಕೆ ಅತ್ತಿತು? ಕರು ಅತ್ತಿದ್ದನ್ನ ಅದು ನೋಡೇ ಇಲ್ವಲ್ಲ?" ಪುಣ್ಯಕೋಟಿ ಸತ್ಯ ನಡೆಸಿಕೊಟ್ಟಳಲ್ಲ, ಅದಕ್ಕೇ ಅಂತ ಹೇಳಿ ಅವಳನ್ನು ಕೂರಿಸಿದೆ. ಅವಳು ಕೂತಳು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಎಷ್ಟು ಸಲ ಹಾಡಿದ್ದೆ, ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಹೌದಲ್ವಾ? ಹಾಡಿನಲ್ಲಿ ಎದೆ ಹಿಂಡುವ ಮಾತೆಲ್ಲ ನಡೆಯೋದು ದೊಡ್ಡಿಯಲ್ಲಿ. ಹುಲಿ ಇರೋದು ಗವಿಯಲ್ಲಿ. ಅಲ್ಲಿ ಆಡಿದ್ದು ಇಲ್ಲಿಗೆ ಕೇಳಿಸಿಲ್ಲ. ಹಾಗಿದ್ದ ಮೇಲೆ ಆ ಮಾತೆಲ್ಲ ಯಾರಿಗಾಗಿ?

ನಮಗಾಗಿ. ಕೇಳುವ ನಮಗಾಗಿ.

ಇದು ಗೊತ್ತಾದ ಮೇಲೆ ನಾನು ಯಾವ ಕಥೆ ಓದಿದರೂ, ಯಾವ ಪದ್ಯ ಓದಿದರೂ ಒಂದನ್ನು ಗಮನಿಸೋಕೆ ಶುರು ಮಾಡಿದೆ. ಬರೆದವರು ನನ್ನನ್ನು ಎಲ್ಲಿ ಕೂರಿಸಿದ್ದಾರೆ? ಯಾರ ಪಕ್ಕದಲ್ಲಿ? ಅಲ್ಲಿಂದ ನನಗೆ ಏನು ಕಾಣಿಸುತ್ತದೆ, ಏನು ಕೇಳಿಸುತ್ತದೆ? ಉಪಮೆ, ಪ್ರಾಸ, ಲಯ ಎಲ್ಲವೂ ನಮ್ಮನ್ನು ಆ ಜಾಗಕ್ಕೆ ಕೈಹಿಡಿದು ಕರೆದುಕೊಂಡು ಹೋಗುವ ದಾರಿಗಳು ಅಂತ ನನಗೆ ಅನಿಸುತ್ತದೆ. ಇವತ್ತು ನಾನು ಹೇಳೋದು ಇಷ್ಟೇ. ಈಗ ಹಾಡಿಗೆ ಬರೋಣ.

ಗೋವಿನ ಹಾಡು ಕಟ್ಟಿದವರು ಯಾರು ಅಂತ ಹಾಡಿನಲ್ಲಿ ಹೆಸರಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡು, ಪಾಠಾಂತರಗಳೂ ಜಾಸ್ತಿ. ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠವನ್ನೇ ಇಟ್ಟುಕೊಳ್ಳುತ್ತೇನೆ. ಒಂದೊಂದು ಪದ್ಯಕ್ಕೆ ನಾಲ್ಕು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಅಂತ ನಡೆ. "ಧರಣಿ ಮಂಡಲ ಮಧ್ಯದೊಳಗೆ" ಅಂತ ಹೇಳುವಾಗಲೇ ತಲೆ ತೂಗುತ್ತದೆ ನೋಡಿ. ನಾಲ್ಕನೇ ಸಾಲು ಮಾತ್ರ ಕೊನೆಯಲ್ಲಿ ಸ್ವಲ್ಪ ಗಿಡ್ಡ. ಅಲ್ಲಿ ಹಾಡುವವರ ಉಸಿರು ನಿಲ್ಲುತ್ತದೆ. ಒಂದು ಕ್ಷಣ ಏನೂ ಇಲ್ಲ. ಆ ಖಾಲಿ ಜಾಗವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಎಲ್ಲ ಚೆನ್ನಾಗಿದೆ. ಎಳೆಯ ಮಾವಿನ ಮರ, ಕೊಳಲೂದುವ ಗೊಲ್ಲ. ಅವನು ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಗಂಗೆ ಬಾರೆ, ಗೌರಿ ಬಾರೆ, ತುಂಗಭದ್ರೆ ತಾಯಿ ಬಾರೆ, ಪುಣ್ಯಕೋಟಿ ನೀನು ಬಾರೆ. 'ಒಂದು ಮಂದೆ ಇತ್ತು' ಅಂದುಬಿಟ್ಟಿದ್ದರೆ ನಮಗೆ ಮಂದೆ ಅಷ್ಟೇ ಕಾಣುತ್ತಿತ್ತು. ಹೆಸರು ಕೂಗಿದಾಗ ಒಬ್ಬೊಬ್ಬಳೂ ತಲೆ ಎತ್ತಿ ಬರುತ್ತಾಳೆ. ಮನೆಯಲ್ಲಿ ಹಸು ಕಟ್ಟಿದವರಿಗೆ ಇದು ಗೊತ್ತು. ಹೆಸರಿಟ್ಟ ಮೇಲೆ ಅದು ಬರೀ ಹಸುವಾಗಿ ಉಳಿಯೋದಿಲ್ಲ.

ಹುಲಿಗೂ ಒಂದು ಹೆಸರಿದೆ, ಅರ್ಬುತ ಅಂತ. ಅದಕ್ಕೂ ಮನೆಯಿದೆ, ಬೆಟ್ಟದ ಅಡಿಯ ಕಿಬ್ಬಿಯಲ್ಲಿ. ಅದಕ್ಕೂ ಹಸಿವಿದೆ. ಕವಿ ಹುಲಿಯನ್ನು ದುಷ್ಟ ಅಂತ ಬೈಯುತ್ತಾನೆ ನಿಜ. ಆದರೆ ಹೆಸರು, ಮನೆ, ಹಸಿವು ಮೂರನ್ನೂ ಕೊಟ್ಟಿರುತ್ತಾನೆ. ಕೊನೆಗೆ ಅದು ಅಳಬೇಕಾದರೆ ಅಳುವ ಯೋಗ್ಯತೆಯನ್ನು ಮೊದಲೇ ಕೊಟ್ಟಿರಬೇಕು. ಕೊನೇ ಪುಟದಲ್ಲಿ ದಿಢೀರನೆ ಒಳ್ಳೆಯವರಾಗುವ ಪಾತ್ರಗಳನ್ನು ನಾವು ನಂಬೋದಿಲ್ಲ. ಅರ್ಬುತನನ್ನು ನಂಬುತ್ತೇವೆ. ಅವನ ಮನೆ ನಮಗೆ ಗೊತ್ತು.

ಹುಲಿ ಹಾರುವ ಪದ್ಯ ಕೇಳಿ:

ಸಿಡಿದು ರೋಷದಿ ಮೊರೆಯುತಾ ಹುಲಿ
ಘುಡುಘುಡಿಸಿ ಭೋರಿಡುತ ಛಂಗನೆ
ತುಡುಕಲೆರಗಿದ ರಭಸಕಂಜಿ
ಚೆದರಿ ಹೋದವು ಹಸುಗಳು

ಸಿಡಿ, ಘುಡು, ತುಡು. ನಾಲಿಗೆ ಮೇಲೆ ತಾಗಿ ತಾಗಿ ಬರುವ ಅಕ್ಷರಗಳು. ತರಗತಿಯಲ್ಲಿ ಈ ಪದ್ಯ ಹೇಳುವಾಗ ಮಕ್ಕಳು ತಾವಾಗಿಯೇ ದನಿ ಏರಿಸುತ್ತಿದ್ದರು. ಯಾರೂ ಹೇಳಿಕೊಡಬೇಕಿರಲಿಲ್ಲ. ನಾಲ್ಕನೇ ಸಾಲಿಗೆ ಬಂದಾಗ ಆ ಡಕಾರ ಇಲ್ಲ. "ಚೆದರಿ ಹೋದವು ಹಸುಗಳು." ಗದ್ದಲ ಮುಗಿದು ಬಯಲು ಖಾಲಿಯಾದ ಹಾಗೆ. ಆ ಖಾಲಿ ಬಯಲಿಗೆ ಪುಣ್ಯಕೋಟಿ ಬರುತ್ತಾಳೆ, ಕಂದನಿಗೆ ಹಾಲು ಕೊಡಬೇಕು ಅಂತ ನೆನೆಯುತ್ತಾ. ಹುಲಿ ಇದೆ ಅಂತ ನಮಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಇಲ್ಲಿಂದ ಮುಂದೆ ಕವಿ ನಮಗೆ ಯಾವಾಗಲೂ ಪಾತ್ರಗಳಿಗಿಂತ ಒಂದು ಹಿಡಿ ಜಾಸ್ತಿ ತಿಳಿಸಿರುತ್ತಾನೆ. ತಿಳಿದವರಿಗೆ ಸುಮ್ನೆ ಕೂರೋಕಾಗಲ್ಲ. ಮುಂದಿನ ಬೆಂಚಿನ ಒಬ್ಬ ಹುಡುಗ ಇಲ್ಲಿ ಪ್ರತಿ ಸಲವೂ "ಹೋಗಬೇಡ" ಅಂತ ಮೆಲ್ಲಗೆ ಹೇಳುತ್ತಿದ್ದ.

ಹುಲಿ ಅಡ್ಡಗಟ್ಟಿದ ಮೇಲೆ ಅವಳು ಕೇಳಿಕೊಳ್ಳುತ್ತಾಳಲ್ಲ, ಒಂದು ನಿಮಿಷದಲ್ಲಿ ಮೊಲೆ ಕೊಟ್ಟು ಬಂದುಬಿಡುತ್ತೇನೆ ಅಂತ. "ಒಂದು ನಿಮಿಷದಿ." ಕವಿ ಆ ಒಂದು ನಿಮಿಷವನ್ನು ಏನು ಮಾಡುತ್ತಾನೆ ನೋಡಿ. ಕರುವಿನ ಜೊತೆ ಮಾತು, ಕರುವಿನ ಪ್ರಶ್ನೆ, ಕರುವಿಗೆ ಬುದ್ಧಿಮಾತು, ಉಳಿದ ಹಸುಗಳಿಗೆ ಕೇಳಿಕೊಳ್ಳೋದು, ಪದ್ಯದ ಮೇಲೆ ಪದ್ಯ. ಇಡೀ ಹಾಡಿನಲ್ಲಿ ಅತಿ ನಿಧಾನವಾದ ಜಾಗ ಇದೇ. ಆಮೇಲೆ ಹುಲಿ ಸಾಯೋದಕ್ಕೆ ಎಷ್ಟು ಹೊತ್ತು? ಒಂದು ಸಾಲು. ಸಾವಿಗೆ ಒಂದು ಸಾಲು, ಬೀಳ್ಕೊಡುಗೆಗೆ ಅಷ್ಟೊಂದು ಪದ್ಯ. ಕಥೆ ಹೇಳುವವರ ಕೈಯಲ್ಲಿರುವ ದೊಡ್ಡ ಶಕ್ತಿ ಇದು ಅಂತ ನನ್ನ ನಂಬಿಕೆ. ಗಡಿಯಾರವನ್ನು ಅವರು ತಮಗೆ ಬೇಕಾದ ಕಡೆ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಿದರು ಅನ್ನೋದರಲ್ಲೇ ಅವರಿಗೆ ಯಾವುದು ಮುಖ್ಯ ಅಂತ ಗೊತ್ತಾಗುತ್ತದೆ. ಈ ಕವಿಗೆ ಮುಖ್ಯ ದೊಡ್ಡಿ.

ದೊಡ್ಡಿಯಲ್ಲಿ ಕರು ಕೇಳುತ್ತದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು

ನಾಲ್ಕು ಸಾಲು, ನಾಲ್ಕು ಪ್ರಶ್ನೆ. ಮೂರರ ಕೊನೆಗೆ "ಅಮ್ಮ". ನಾಲ್ಕನೆಯದರಲ್ಲಿ ಅಮ್ಮ ಇಲ್ಲ. ಇದನ್ನು ಎಷ್ಟೋ ವರ್ಷ ನಾನು ಗಮನಿಸಿರಲಿಲ್ಲ. ಕುಡಿಯಲಮ್ಮ, ಬದುಕಲಮ್ಮ, ಮಲಗಲಮ್ಮ. ಅಮ್ಮ ಇನ್ನೂ ಎದುರಿಗೇ ಇದ್ದಾಳೆ, ಕರೆಯೋಕೆ ಸಿಗುತ್ತಾಳೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಆ ಪದ ಹೊರಟುಹೋಗಿದೆ. ಸಾಲು ಗಿಡ್ಡವಾಗಿದೆ. ಉಸಿರು ನಿಲ್ಲುವ ಆ ಖಾಲಿ ಜಾಗದಲ್ಲಿ ಅಮ್ಮ ಇಲ್ಲ. ಕವಿ ದುಃಖ ಅನ್ನುವ ಪದವನ್ನು ಇಲ್ಲಿ ಬಳಸಿಲ್ಲ. ಬಳಸುವ ಅಗತ್ಯವೂ ಇಲ್ಲ. ಮೂರು ಸಲ ಕೇಳಿಸಿದ ಪದ ನಾಲ್ಕನೇ ಸಲ ಕೇಳಿಸದಿದ್ದರೆ ಕಿವಿಗೇ ಗೊತ್ತಾಗುತ್ತದೆ, ಏನೋ ಹೋಯಿತು ಅಂತ.

ಪ್ರಶ್ನೆಗಳ ಕ್ರಮವನ್ನೂ ನೋಡಿ. ಮೊದಲು ಹಾಲು. ಅದು ಎಳೆಗರು, ಅದಕ್ಕೆ ಮೊದಲು ನೆನಪಾಗೋದು ಹೊಟ್ಟೆ. ಆಮೇಲೆ ಬದುಕು. ಆಮೇಲೆ ರಾತ್ರಿ. ಮಕ್ಕಳಿಗೆ ಹಗಲಿಗಿಂತ ರಾತ್ರಿಯ ಭಯವೇ ಜಾಸ್ತಿ ಅನ್ನೋದು ಈ ಹಾಡು ಕಟ್ಟಿದವರಿಗೆ ಗೊತ್ತಿತ್ತು.

ಅವಳು ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಪದ್ಯ:

ಅಮ್ಮಗಳಿರಾ ಅಕ್ಕಗಳಿರಾ
ನಮ್ಮ ತಾಯೊಡಹುಟ್ಟುಗಳಿರಾ
ಕಂದ ನಿಮ್ಮವನೆಂದು ಕಂಡಿರಿ
ತಬ್ಬಲಿಯನೀ ಕರುವನು

ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ
ಕಂದ ನಿಮ್ಮವನೆಂದು ಕಂಡಿರಿ
ತಬ್ಬಲಿಯನೀ ಕರುವನು

ತಬ್ಬಲಿ ಅಂತ ಅವಳೇ ಹೇಳುತ್ತಿದ್ದಾಳೆ. ಅವಳಿನ್ನೂ ಬದುಕಿದ್ದಾಳೆ, ಕರುವಿನ ಪಕ್ಕದಲ್ಲೇ ನಿಂತಿದ್ದಾಳೆ. ಆದರೂ ಲೆಕ್ಕದಲ್ಲಿ ತನ್ನನ್ನು ತೆಗೆದುಹಾಕಿಯಾಗಿದೆ. ಹುಲಿಯ ಹತ್ತಿರ ಹೋಗುತ್ತಾಳೋ ಇಲ್ಲವೋ ಅನ್ನುವ ಅನುಮಾನ ನಮಗೆ ಸ್ವಲ್ಪ ಇದ್ದರೂ ಈ ಒಂದು ಪದಕ್ಕೆ ಅದು ಹೋಗಿಬಿಡುತ್ತದೆ. ಒಂದೇ ಪದ.

ಇನ್ನೊಂದು, ಹಾಯಬೇಡಿ, ಒದೆಯಬೇಡಿ ಅನ್ನೋದು. ಪ್ರೀತಿಯಿಂದ ನೋಡಿಕೊಳ್ಳಿ ಅಂತ ಅವಳು ಕೇಳಬಹುದಿತ್ತು. ಹಾಗೆ ಕೇಳಲಿಲ್ಲ. ದೊಡ್ಡಿಯಲ್ಲಿ ಬೆಳೆದವಳಿಗೆ ಅಲ್ಲಿಯ ರೀತಿ ಗೊತ್ತು. ಬೇರೆಯವರ ಕರು ಮೊಲೆಗೆ ಬಾಯಿ ಹಾಕೋಕೆ ಹೋದರೆ ಹಸು ಹಾಯುತ್ತದೆ, ಹಿಂದಿನಿಂದ ಬಂದರೆ ಒದೆಯುತ್ತದೆ. ಹಸು ಸಾಕಿದ ಯಾರಾದರೂ ಇದನ್ನು ನೋಡಿರುತ್ತಾರೆ. ಅವಳು ಕೇಳಿದ್ದು ಅಷ್ಟು ಕಡಿಮೆ. ಒದೆಯದಿದ್ದರೆ ಸಾಕು. ತಾಯಿ ಇಲ್ಲದ ಮಗುವನ್ನು ಬೇರೆ ಮನೆಯಲ್ಲಿ ಬಿಟ್ಟುಬರುವ ಯಾರೇ ಆಗಲಿ, ಕೊನೆಗೆ ಬಾಯಲ್ಲಿ ಬರೋದು ಇಂಥದೇ ಸಣ್ಣ ಮಾತು. ನನ್ನ ತಾಯಿ ಈ ಪದ್ಯಕ್ಕೆ ಬಂದಾಗ ಪ್ರತಿ ಸಲ ಒಂದು ಗಳಿಗೆ ನಿಲ್ಲಿಸುತ್ತಿದ್ದಳು. ಅವಳು ಚಿಕ್ಕವಳಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದರು, ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಇದು ನನಗೆ ತುಂಬಾ ತಡವಾಗಿ ಹೊಳೆಯಿತು.

ದೊಡ್ಡ ಭಾವಕ್ಕೆ ದೊಡ್ಡ ಪದ ಬೇಕು ಅಂತ ಹೊಸದಾಗಿ ಬರೆಯುವವರು ಅಂದುಕೊಳ್ಳುತ್ತಾರೆ. 'ಅಪಾರ ವೇದನೆ', 'ಹೇಳಲಾಗದ ಸಂಕಟ' ಅಂತ ಬರೆದುಬಿಡುತ್ತಾರೆ. ಓದುವವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಬರೆದವರೇ ನಮಗಿಂತ ಮೊದಲು ಅತ್ತುಬಿಟ್ಟರೆ ನಮಗೆ ಅಳೋದಕ್ಕೆ ಏನೂ ಉಳಿಯೋದಿಲ್ಲ. ಈ ಹಾಡಿನವರು ಬರೀ ಹಾಯೋದು, ಒದೆಯೋದನ್ನು ಹೇಳಿ ಸುಮ್ಮನಾದರು.

ಇದನ್ನೆಲ್ಲ ಕಟ್ಟಿದವರು, ಉಳಿಸಿದವರು ಶಾಲೆಗೆ ಹೋದವರೋ ಇಲ್ಲವೋ. 9ನೇ ಶತಮಾನದ 'ಕವಿರಾಜಮಾರ್ಗ' ಇದೆಯಲ್ಲ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಅದು ಕಾವ್ಯ ಹೇಗೆ ಕಟ್ಟಬೇಕು ಅನ್ನೋದನ್ನೇ ಹೇಳುವ ಪುಸ್ತಕ. ಅದರಲ್ಲಿ ಈ ನಾಡಿನ ಜನರ ಬಗ್ಗೆ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಅಂತ ಒಂದು ಮಾತು ಬರುತ್ತದೆ. ಕೂತು ಓದದೆ ಹೋದರೂ ಕಾವ್ಯದ ಬಳಕೆ ಬಲ್ಲವರು ಅಂತ. ಅದನ್ನು ಹೊಗಳಿಕೆಯ ಮಾತು ಅಂದುಕೊಂಡಿದ್ದೆ. ಬೀಸುವಾಗ, ತೊಟ್ಟಿಲು ತೂಗುವಾಗ ಈ ಹಾಡು ಹೇಳಿದ ಹೆಂಗಸರನ್ನು ನೆನೆದರೆ ಅದು ಕಣ್ಣಾರೆ ಕಂಡು ಹೇಳಿದ ಮಾತು ಅನಿಸುತ್ತದೆ.

ಮತ್ತೆ ಗವಿಗೆ ಹೋಗೋಣ. ಅವಳು ಬಂದು ನಿಂತು ಹುಲಿಗೆ ಹೇಳುವುದು:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿ ರಕ್ತವಿದೆಕೋ
ಚಂಡವ್ಯಾಘ್ರನೆ ನೀನಿದೆಲ್ಲವ
ಉಂಡು ಸಂತಸದಿಂದಿರು

ಖಂಡ, ಗುಂಡಿ, ಚಂಡ, ಉಂಡು. ನಾಲ್ಕೂ ಸಾಲಿನ ಶುರುವಿನಲ್ಲಿ ಅದೇ ಪೆಟ್ಟು. ಆದಿಪ್ರಾಸ ಅಂತ ಛಂದಸ್ಸಿನಲ್ಲಿ ಹೆಸರು. ಇದೋ ತಗೋ, ಇದೋ ತಗೋ ಅಂತ ಒಂದೊಂದಾಗಿ ಎತ್ತಿ ಇಡುತ್ತಿರುವ ಹಾಗೆ ಆ ಪೆಟ್ಟು ಬೀಳುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸೋದು "ಉಂಡು" ಅನ್ನುವ ಪದ. ಹುಲಿ ತನ್ನ ಕೆಲಸದ ಬಗ್ಗೆ ಮಾತಾಡುವಾಗ "ಕೊಂದು ತಿಂದರೆ" ಅನ್ನುತ್ತದೆ. ಪುಣ್ಯಕೋಟಿ ತಿನ್ನು ಅನ್ನಲಿಲ್ಲ. ಉಣ್ಣು ಅಂದಳು. ಉಣ್ಣೋದು ಅಂದರೆ ನಮ್ಮ ಮನೆಗಳಲ್ಲಿ ಎಲೆ ಹಾಕಿ ಬಡಿಸಿದ್ದನ್ನು ಕೂತು ಊಟ ಮಾಡೋದು. ಉಂಡು ಸಂತೋಷವಾಗಿರು ಅಂತ ತಾಯಂದಿರು ಮಕ್ಕಳಿಗೆ ಹೇಳುತ್ತಾರೆ. ಈಗ ತಾನೇ ಕರುವಿಗೆ ಹಾಲು ಕೊಟ್ಟು ಬಂದವಳ ಬಾಯಲ್ಲಿ ಆ ಮಾತೇ ಇನ್ನೂ ಉಳಿದುಕೊಂಡಿತ್ತು.

ಹುಲಿಗೆ ಇಷ್ಟು ಕೇಳಿಸಿತು. ಅದರ ಕಣ್ಣಲ್ಲಿ ನೀರು ಬಂತು. "ಮೆಚ್ಚನಾ ಪರಮಾತ್ಮನು" ಅನ್ನುತ್ತದೆ. ಇದು ಎಲ್ಲಿಂದ ಬಂತು? ಸತ್ಯವೇ ನಮ್ಮ ತಾಯಿ ತಂದೆ ಅಂತ ಆಣೆ ಇಟ್ಟಾಗ ಅವಳೇ ಹುಲಿಯ ಎದುರು ಹೇಳಿದ ಸಾಲು. ಹುಲಿ ಕೇಳಿಸಿಕೊಂಡ ಮಾತನ್ನು ತಿರುಗಿ ಹೇಳುತ್ತಿದೆ. ಅದು ಸರಿ. ಆಮೇಲಿನ ಪದ್ಯ ನೋಡಿ:

ಎನ್ನ ಒಡಹುಟ್ಟಕ್ಕ ನೀನು
ನಿನ್ನ ಕೊಂದು ಏನ ಪಡೆವೆನು
ಎನ್ನುತಾ ಹುಲಿ ಹಾರಿ ನೆಗೆದು
ತನ್ನ ಪ್ರಾಣವ ಬಿಟ್ಟಿತು

ಎನ್ನ, ನಿನ್ನ, ತನ್ನ. ಪ್ರಾಸ ಇಟ್ಟಿರೋದೇ ಆ ಪದಗಳ ಮೇಲೆ. ನನ್ನದು, ನಿನ್ನದು ಅಂತ ಶುರುವಾಗಿ ತನ್ನದನ್ನು ಬಿಡುವಲ್ಲಿಗೆ ಮುಗಿಯುತ್ತದೆ. ಪ್ರಾಸ ಅಂದರೆ ಕಿವಿಗೆ ಇಂಪು ಅಂತ ಮಾತ್ರ ನಾವು ಕಲಿಸುತ್ತೇವೆ. ಇಲ್ಲಿ ಕಥೆಯನ್ನೇ ಪ್ರಾಸ ಹೊತ್ತುಕೊಂಡು ಹೋಗುತ್ತಿದೆ.

"ಒಡಹುಟ್ಟಕ್ಕ" ಅನ್ನುವ ಪದ ಎಲ್ಲಿಂದ ಬಂತು? ಇದನ್ನು ಹುಲಿ ಗವಿಯ ಬಾಗಿಲಲ್ಲಿ ಕೇಳಿಸಿಕೊಂಡಿಲ್ಲ. "ಅಕ್ಕಗಳಿರಾ, ನಮ್ಮ ತಾಯೊಡಹುಟ್ಟುಗಳಿರಾ" ಅಂತ ಅವಳು ಕರೆದದ್ದು ದೊಡ್ಡಿಯಲ್ಲಿ, ಹಸುಗಳನ್ನು. ಅಕ್ಕ, ಒಡಹುಟ್ಟು, ಎರಡೂ ಪದ ಅಲ್ಲಿಯವು. ಅಲ್ಲಿ ಹುಲಿ ಇರಲಿಲ್ಲ. ಅಲ್ಲಿ ಇದ್ದದ್ದು ಹಸುಗಳು, ಕರು ಮತ್ತು ನಾವು.

ಆ ನಾಲ್ಕನೇ ತರಗತಿಯ ಹುಡುಗಿಗೆ ಉತ್ತರ ಇಲ್ಲಿದೆ ಅಂತ ನನಗೆ ಅನಿಸಿತು. ಕವಿ ನಮ್ಮನ್ನು ದೊಡ್ಡಿಯಲ್ಲಿ ಕೂರಿಸಿ ಆ ಮಾತು ಕೇಳಿಸಿದ. ಆಮೇಲೆ ಅವಳ ಜೊತೆ ನಡೆಸಿಕೊಂಡು ಗವಿಗೆ ಕರೆತಂದ. ನಾವು ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಬಂದೆವು. ಅವಳನ್ನು ಕೊಲ್ಲಬೇಡ, ಅವಳು ನಿನಗೆ ಅಕ್ಕ ಆಗಬೇಕು ಅಂತ ಹುಲಿಗೆ ಹೇಳಬೇಕು ಅಂತ ನಮಗೇ ಅನಿಸುತ್ತಿರುತ್ತದೆ. ನಮ್ಮ ಬಾಯಲ್ಲಿದ್ದ ಮಾತನ್ನು ಕವಿ ತೆಗೆದು ಹುಲಿಯ ಬಾಯಲ್ಲಿಟ್ಟ. ಆ ಗಳಿಗೆಯಲ್ಲಿ ಹುಲಿಯ ಒಳಗಿರೋದು ನಾವೇ. ಅದಕ್ಕೇ ಮಕ್ಕಳು ಪುಣ್ಯಕೋಟಿ ಉಳಿದಳು ಅಂತ ನಗೋದಿಲ್ಲ, ಹುಲಿ ಸತ್ತಿತು ಅಂತ ಅಳುತ್ತಾರೆ. ಹಾಡಿನ ಮ್ಯಾಜಿಕ್ ಅಂತ ಸುಮ್ಮನೆ ಹೇಳಿಬಿಡಬಹುದಿತ್ತು. ಆದರೆ ಇದು ಕೈಕೆಲಸ, ಎಣಿಸಿ ತೋರಿಸಬಹುದಾದ ಕೆಲಸ. ಅದಕ್ಕಾಗಿ ನನಗೆ ಇದರ ಮೇಲೆ ಗೌರವ ಇನ್ನೂ ಜಾಸ್ತಿ.

ಒಂದೇ ಹಾಡಿನಲ್ಲಿ ಹೊತ್ತು ಕಳೆದುಬಿಟ್ಟೆ. ಇನ್ನು ಎರಡು ಮೂರು ಕಡೆ ಬೇಗ ಹೋಗಿ ಬರೋಣ.

ಕರುವಿನ ಪ್ರಶ್ನೆಯಲ್ಲಿ ನೋಡಿದೆವಲ್ಲ, ಒಂದೇ ಅಚ್ಚಿನಲ್ಲಿ ಸಾಲು ಹಾಕಿ ಕೊನೆಯದರಲ್ಲಿ ಅಚ್ಚು ಒಡೆಯೋದು. ಅಕ್ಕಮಹಾದೇವಿ 12ನೇ ಶತಮಾನದಲ್ಲಿ ಇದನ್ನೇ ಮಾಡಿದ್ದಾಳೆ. ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ, ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ, ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ. ಮೊದಲೆರಡರಲ್ಲಿ ಅಂಜುವುದು. ಮೂರನೆಯದರಲ್ಲಿ ನಾಚುವುದು. ಬೆಟ್ಟಕ್ಕೂ ಸಮುದ್ರಕ್ಕೂ ನಮ್ಮಲ್ಲಿ ಹೆಚ್ಚಿನವರು ಮನೆ ಕಟ್ಟಿಲ್ಲ, ಆರಾಮಾಗಿ ಹೂಂ ಅನ್ನುತ್ತಾ ಹೋಗುತ್ತೇವೆ. ಸಂತೆ ಬಂದಾಗ ಎಚ್ಚರವಾಗುತ್ತದೆ. ಸಂತೆಯಲ್ಲಿ ನಾವೆಲ್ಲ ಇದ್ದೇವೆ. ಜನ ಏನಂತಾರೋ ಅನ್ನುವ ನಾಚಿಕೆಯೂ ಇದೆ. ಉಟ್ಟ ಬಟ್ಟೆಯನ್ನೇ ಬಿಟ್ಟು ಹೊರಟವಳ ಬಾಯಲ್ಲಿ 'ನಾಚು' ಅನ್ನುವ ಪದ ಬಂದಿದೆ ಅಂತ ನೆನೆದರೆ ಆ ಒಂದು ಕ್ರಿಯಾಪದದ ಭಾರ ಗೊತ್ತಾಗುತ್ತದೆ. ಅಂಜಿದಡೆ ಅಂತಲೇ ಮೂರನೇ ಸಲವೂ ಹೇಳಿದ್ದರೆ ಲಯ ಕೆಡುತ್ತಿರಲಿಲ್ಲ. ನಾವು ಮಾತ್ರ ಬೆಟ್ಟದ ಮೇಲೇ ಉಳಿದಿರುತ್ತಿದ್ದೆವು.

ರನ್ನ ಇನ್ನೂ ಧೈರ್ಯದ ಕೆಲಸ ಮಾಡಿದ. ಅವನ ಗದಾಯುದ್ಧಕ್ಕೆ 'ಸಾಹಸಭೀಮ ವಿಜಯ' ಅಂತಲೂ ಹೆಸರು. ಭೀಮನಿಗೆ ತನ್ನ ದೊರೆ ಸತ್ಯಾಶ್ರಯನನ್ನು ಹೋಲಿಸಿ ಬರೆದ ಕಾವ್ಯ. ಭೀಮ ಗೆಲ್ಲಬೇಕು, ಗೆಲ್ಲುತ್ತಾನೆ. ಆದರೆ ರನ್ನ ನಮ್ಮನ್ನು ನಿಲ್ಲಿಸೋದು ದುರ್ಯೋಧನನ ಪಕ್ಕದಲ್ಲಿ. ಯುದ್ಧ ಮುಗಿಯುತ್ತಾ ಬಂದಿದೆ. ಸಂಜಯನ ಜೊತೆ ಅವನು ಹೆಣಗಳ ನಡುವೆ ನಡೆದು ಹೋಗುತ್ತಿದ್ದಾನೆ. ನಾವೂ ನಡೆಯುತ್ತೇವೆ. ದುಶ್ಶಾಸನನ ಹೆಣ ಸಿಗುತ್ತದೆ. ದ್ರೌಪದಿಯ ಸೀರೆಗೆ ಕೈ ಹಾಕಿದವನು, ಅವನ ಮೇಲೆ ನಮಗೆ ಎಳ್ಳಷ್ಟೂ ಕರುಣೆ ಇಲ್ಲ. ಆಗ ಅಣ್ಣ ಹೇಳುತ್ತಾನೆ: ತಾಯಿಯ ಮೊಲೆಹಾಲನ್ನು ಮೊದಲು ನಾನು ಉಂಡೆ, ಬಳಿಕ ನೀನು. ಒಳ್ಳೊಳ್ಳೆಯ ಊಟವನ್ನೂ ಮೊದಲು ನಾನು ಉಂಡೆ, ಬಳಿಕ ನೀನು. ಚಿಕ್ಕಂದಿನಿಂದ ಎಲ್ಲಿಯೂ ನೀನು ಕ್ರಮ ತಪ್ಪಲಿಲ್ಲ. ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆ.

"ಬಳಿಕ ನೀಂ, ಬಳಿಕ ನೀಂ" ಅಂತ ಎರಡು ಸಲ ಬಂದ ಮೇಲೆ "ಮುಂಚಿದಯ್" ಅಂತ ಒಂದು ಪದ. ಮತ್ತೆ ಅದೇ ಅಚ್ಚು ಮುರಿಯುವ ಕೆಲಸ. ಆದರೆ ಇಲ್ಲಿ ಅದು ಮುರಿಯೋದು ನಮ್ಮ ಸಿಟ್ಟನ್ನು. ದುಶ್ಶಾಸನ ಮಾಡಿದ್ದು ತಪ್ಪಲ್ಲ ಅಂತ ರನ್ನ ಎಲ್ಲೂ ವಾದ ಮಾಡೋದಿಲ್ಲ. ಅವನೂ ಒಂದು ಮನೆಯಲ್ಲಿ ತಮ್ಮನಾಗಿದ್ದ, ಅಣ್ಣ ಉಂಡ ಮೇಲೆ ಉಣ್ಣುತ್ತಿದ್ದ ಅಂತ ಅಷ್ಟೇ ನೆನಪು ಮಾಡುತ್ತಾನೆ. ತಮ್ಮಂದಿರನ್ನು ಎತ್ತಿ ಆಡಿಸಿದ ಯಾರಿಗೇ ಆಗಲಿ ಇದನ್ನು ಓದಿ ಸುಮ್ಮನಿರೋದು ಕಷ್ಟ.

ನಮ್ಮ ಕಾಲಕ್ಕೆ ಬಂದರೆ, ದೇವನೂರ ಮಹಾದೇವ ಅವರ 'ಒಡಲಾಳ'. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾ ಇರುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ. ಹಸಿದವರು ತಿನ್ನುವ ಆ ರಾತ್ರಿಯನ್ನು ಮಹಾದೇವ ಅವರು ಬರೆದಿರುವ ರೀತಿ ಇದೆಯಲ್ಲ, ಮಾತು, ನಗು, ಸಣ್ಣ ಜಗಳ, ಎಲ್ಲ ಆ ಸೀಮೆಯ ಕನ್ನಡದಲ್ಲೇ. ಆ ಕನ್ನಡ ನನ್ನ ಕಡೆಯದಲ್ಲ. ಮೊದಲ ಪುಟಗಳನ್ನು ನಾನು ಜೋರಾಗಿ ಓದಿಕೊಳ್ಳಬೇಕಾಯಿತು. ಜೋರಾಗಿ ಓದಿದಾಗ ಅವರ ಮಾತು ನನ್ನ ಬಾಯಿಂದ ಬಂತು. ಎಷ್ಟು ಹೊತ್ತಿಗೆ ನಾನು ಅವರ ಜೊತೆ ಕೂತು ಕಡಲೆಕಾಯಿ ಬಿಡಿಸತೊಡಗಿದೆನೋ ಗೊತ್ತಾಗಲಿಲ್ಲ. ಆಮೇಲೆ ಪೊಲೀಸರು ಹುಡುಕಿಕೊಂಡು ಬಂದರು. ಎದೆ ಹೊಡೆದುಕೊಂಡಿತು. ಕಳ್ಳತನ ತಪ್ಪು ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು, ಇವರು ಸಿಕ್ಕಿಬೀಳದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅವರ ಜೊತೆ ತಿಂದಿದ್ದೆನಲ್ಲ. ದೂರದಿಂದ ನೋಡಿ ಪಾಪ ಅನ್ನೋದಕ್ಕೆ ಆ ಕಥೆ ಜಾಗವನ್ನೇ ಬಿಡೋದಿಲ್ಲ.

ಬರೆಯಬೇಕು ಅಂತ ಆಸೆ ಇರುವ ನಾಲ್ಕಾರು ಹುಡುಗರು, ಹುಡುಗಿಯರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ನಿಮಗೆ ಒಂದು ಮಾತು. ಬರೆದದ್ದನ್ನು ಒಂದು ಸಲ ಜೋರಾಗಿ ಓದಿ ನೋಡಿ. ಎಲ್ಲಿ ಉಸಿರು ನಿಲ್ಲುತ್ತದೆ ನೋಡಿ. ಆ ಜಾಗದಲ್ಲಿ ಯಾವ ಪದ ಇದೆ, ಯಾವುದು ಇಲ್ಲ ಅಂತ ನೋಡಿ. ನನಗೆ ಗೊತ್ತಿರುವುದು ಇಷ್ಟು. ನೀವೆಲ್ಲ ಇಷ್ಟು ಹೊತ್ತು ಕೂತು ಕೇಳಿದಿರಿ, ತುಂಬಾ ಸಂತೋಷ. ನಮಸ್ಕಾರ.

*

ಅವತ್ತು ಮಾತು ಮುಗಿದ ಮೇಲೆ ನಡೆದ ಒಂದು ವಿಷಯ ಬರೆಯಲೇಬೇಕು. ಮೊಮ್ಮಗಳ ಜೊತೆ ಬಂದಿದ್ದ ಒಬ್ಬರು ಅಜ್ಜಿ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಅವರಿಗೆ ಓದು ಬರೋದಿಲ್ಲ.

"ನಾವು ಈ ಹಾಡನ್ನ ರಾಗಿ ಬೀಸೋವಾಗ ಹೇಳ್ತಿದ್ವಿ ಕಣವ್ವಾ," ಅಂದರು. "ಹುಲಿ ಸಾಯೋ ಹೊತ್ಗೆ ರಾಗಿ ಮುಗೀಬೇಕು. ಹಂಗೆ ಲೆಕ್ಕ."

"ಮುಗೀದೇ ಇದ್ರೆ ಏನು ಮಾಡ್ತಿದ್ರಿ ಅಜ್ಜಿ? ಮೊದಲಿಂದ ಹಾಡ್ತಿದ್ರಾ?"

"ಮೊದ್ಲಿಂದ ಯಾಕೆ? ದೊಡ್ಡಿಗೆ ವಾಪಸ್ ಹೋಗ್ತಿದ್ವಿ. ಕರು ಕೇಳ್ತದಲ್ಲ, ಅಲ್ಲಿಗೆ."